ಬೆಡ್ಡಮ್ಮನ ಕುರ್ಚಿ ಕೋಣೆ

ಆಸ್ಪತ್ರೆಯಲ್ಲಿ ಆಕೆಯ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಯಾವ ರೋಗಿಗೆ ಯಾವ ವಾರ್ಡಿನಲ್ಲಿ ಬೆಡ್ ಎಂದು ಗೊತ್ತುಮಾಡುವ ಕೆಲಸ. ಆದ್ದರಿಂದ ಗೇಟಿನ ಕಾವಲುಗಾರನಿಂದ ಹಿಡಿದು ಹೃದ್ರೋಗದ ದೊಡ್ಡ ಡಾಕ್ಟರ ತನಕ ಎಲ್ಲರ ಬಾಯಲ್ಲೂ ಆಕೆ ಬೆಡ್ಡಮ್ಮ. ಮೊದಮೊದಲು ಬೆನ್ನ ಹಿಂದೆ ಹಾಗೆನ್ನುತ್ತಿದ್ದರು. ಒಂದು ದಿನ ಆಕೆಯೇ ಫೋನೆತ್ತಿ, “ಬೆಡ್ಡಮ್ಮ ಮಾತಾಡ್ತಿರೋದು, ಹೇಳಿ,” ಎಂದಳು. ಅಲ್ಲಿಂದ ಮುಂದೆ ಮುಚ್ಚುಮರೆ ಉಳಿಯಲಿಲ್ಲ.

ಕಡ್ಡಿಯಂತಹ ಹೆಂಗಸು, ನಡಿಗೆ ಮಾತ್ರ ಜೋರು. ಎಲುಬಿನ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದು, ಅಲ್ಲಿಂದ ಈ ಕುರ್ಚಿಗೆ ಬಂದವಳು. ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡಾಗ ಆಕೆಯ ಹಾಲುಹಲ್ಲು ಸಹ ಬಿದ್ದಿರಲಿಲ್ಲ. ಜಡೆ ಹಾಕಿದ್ದು, ಶಾಲೆಗೆ ಬಿಟ್ಟದ್ದು, ನರ್ಸಿಂಗ್ ಓದಿಸಿದ್ದು ಎಲ್ಲ ಅಣ್ಣ. ಅವನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ತಂಗಿಯ ಮೊದಲ ಸಮವಸ್ತ್ರ ಹೊಲಿದವನೂ ಅವನೇ. ಇವಳು ಮುಂದೆ ದಪ್ಪಗಾದಾಳೆಂದು ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದ. ಆ ಬಟ್ಟೆ ಕೊನೆಗೂ ಬಿಚ್ಚಬೇಕಾಗಿ ಬರಲಿಲ್ಲ ಎಂದು ಅತ್ತಿಗೆ ನಗುತ್ತಿದ್ದಳು. ಅಣ್ಣ, ಅತ್ತಿಗೆ ಮತ್ತು ಅವರ ಮಗಳು ಕೆಳಗೆ, ಬೆಡ್ಡಮ್ಮ ಮಹಡಿಯ ಒಂಟಿ ಕೋಣೆಯಲ್ಲಿ. ಊಟ ಮಾತ್ರ ಕೆಳಗೆ. ಊಟದ ನಡುವೆ ಫೋನ್ ಬಂದು ಆಕೆ ಎದ್ದು ಹೋದರೆ, “ಗಂಡನ ಮನೆಯಿಂದ ಕರೆ ಬಂತು,” ಎಂದು ಅತ್ತಿಗೆ ತಟ್ಟೆ ಮುಚ್ಚಿಡುತ್ತಿದ್ದಳು.

ಆ ಆಸ್ಪತ್ರೆಯ ದೊಡ್ಡ ನೋವು ಎಮರ್ಜೆನ್ಸಿಯ ಕಾರಿಡಾರು. ಮೇಲೆ ವಾರ್ಡುಗಳಲ್ಲಿ ಬೆಡ್ ಖಾಲಿಯಾಗುವುದು ಸಂಜೆಗೆ. ಕೆಳಗೆ ರೋಗಿಗಳು ಬರತೊಡಗುವುದು ಬೆಳಗ್ಗೆಯಿಂದ. ನಡುವಿನ ಹೊತ್ತನ್ನೆಲ್ಲ ಜನ ಸ್ಟ್ರೆಚರಿನ ಮೇಲೆ, ಗೋಡೆಗೆ ಒತ್ತಿಕೊಂಡು, ಹೋಗುವವರ ಬರುವವರ ಮೊಣಕೈ ತಾಗಿಸಿಕೊಳ್ಳುತ್ತ ಕಳೆಯಬೇಕಾಗಿತ್ತು. ಸೊಂಟ ಮುರಿದ ಮುದುಕಿಯರು ಮೂತ್ರಕ್ಕೆ ಯಾರನ್ನು ಕೇಳಬೇಕೆಂದು ತಿಳಿಯದೆ ಒದ್ದೆಯಲ್ಲೇ ಮಲಗಿರುತ್ತಿದ್ದರು. ಎಮರ್ಜೆನ್ಸಿಯವರು ಬೆಡ್ಡಮ್ಮನನ್ನು ಬೈಯುತ್ತಿದ್ದರು, ಬೆಡ್ಡಮ್ಮ ವಾರ್ಡಿನವರನ್ನು, ವಾರ್ಡಿನವರು ಲ್ಯಾಬನ್ನು, ಲ್ಯಾಬಿನವರು ಲಿಫ್ಟನ್ನು. ಅಧೀಕ್ಷಕರಾಗಿ ಬಂದವರೆಲ್ಲ ಒಂದೊಂದು ಸುತ್ತೋಲೆ ಹೊರಡಿಸಿ, ಇನ್ನಷ್ಟು ಸ್ಟ್ರೆಚರ್ ತರಿಸಿ ಹೋಗುತ್ತಿದ್ದರು.

ಹೊಸ ಅಧೀಕ್ಷಕರು ಬಂದ ದಿನ ಅವರನ್ನು ಯಾರೂ ಗುರುತಿಸಲಿಲ್ಲ. ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಅರ್ಧ ದಿನ ಕಾರಿಡಾರಿನಲ್ಲೇ ನಿಂತಿದ್ದರು. ನೆಲ ಒರೆಸುವವಳು ಯಾವುದೋ ರೋಗಿಯ ಕಡೆಯವರೆಂದುಕೊಂಡು ಕಾಲೆತ್ತಲು ಹೇಳಿದಳು, ಅವರು ಎತ್ತಿದರು. ಮರುದಿನ ಎಲ್ಲ ವಿಭಾಗಗಳಿಂದ ಒಬ್ಬೊಬ್ಬರನ್ನು ಕರೆಸಿದರು. ಬಂದವರಲ್ಲಿ ಡಾಕ್ಟರುಗಳೂ ಇದ್ದರು, ಔಷಧಿ ಕೌಂಟರಿನವನೂ ಲಿಫ್ಟಿನವನೂ ಇದ್ದರು, ನಿನ್ನೆ ಕಾಲೆತ್ತಿಸಿದವಳೂ ಇದ್ದಳು.

“ಲಿಫ್ಟು ಕ್ಲಿಷ್ಟವಾದ ವಸ್ತು,” ಎಂದು ಶುರುಮಾಡಿದರು. “ಆದ್ರೆ ಕೆಟ್ಟರೆ ಮೆಕ್ಯಾನಿಕ್ ಬಂದು ಕೆಟ್ಟ ಭಾಗ ತೆಗೆದು ಹೊಸದು ಹಾಕ್ತಾನೆ, ಮುಗೀತು. ಆಸ್ಪತ್ರೆ ಲಿಫ್ಟಲ್ಲ, ಸಂಸಾರ. ಮನೆಗೆ ಒಬ್ಬ ಸೊಸೆ ಬಂದ್ರೆ ಅಡುಗೆಮನೆ ಮಾತ್ರ ಬದಲಾಗುತ್ತಾ? ಮಾವ ಪೇಪರ್ ಓದೋ ಜಾಗನೂ ಬದಲಾಗುತ್ತೆ. ಯಾಕೆ ಅಂತ ಮಾವನಿಗೂ ಗೊತ್ತಿರಲ್ಲ.”

ಇಂಥ ಜಟಿಲ ವ್ಯವಸ್ಥೆಗಳ ಬಗ್ಗೆ ಒಂದು ವಿಜ್ಞಾನವೇ ಇದೆ ಎಂದರು. ಅದು ಮೇಲಿನಿಂದ ಆಜ್ಞೆ ಕೊಟ್ಟರೆ ಸರಿಹೋಗುವಂಥದ್ದಲ್ಲ. ಆಕಾಶದಲ್ಲಿ ಸಾವಿರ ಹಕ್ಕಿ ಒಟ್ಟಿಗೆ ತಿರುಗುವಾಗ ಅವಕ್ಕೊಬ್ಬ ಯಜಮಾನನಿಲ್ಲ. ಪ್ರತಿ ಹಕ್ಕಿಯೂ ಪಕ್ಕದ ಹಕ್ಕಿಯನ್ನು ನೋಡಿಕೊಳ್ಳುತ್ತದೆ, ಅಷ್ಟೆ. ನಿಯಮ ಕೆಲವೇ ಇರಲಿ, ಪಕ್ಕದವರ ಮೇಲೆ ಕಣ್ಣಿರಲಿ. ಸಣ್ಣದೊಂದನ್ನು ಮಾಡಿ ನೋಡಿ, ಎಲ್ಲಿ ಏನು ಉಬ್ಬಿತೆಂದು ಗಮನಿಸಿ, ಕೆಟ್ಟರೆ ಹಿಂದಕ್ಕೆ ತನ್ನಿ. ಅವರು ಹೇಳಿದ್ದು ಇಷ್ಟೇ. ಸಂಜೆಯೊಳಗೆ ಅವರಿಗೆ ಹಕ್ಕಿ ಡಾಕ್ಟರ್ ಎಂಬ ಹೆಸರು ಬಿದ್ದಿತ್ತು.

ಬೆಡ್ಡಮ್ಮ ಮೊದಲು ಮೂಗು ಮುರಿದಳು. ಹೊಸಬರ ಉತ್ಸಾಹವನ್ನು ಆಕೆ ಬಹಳ ನೋಡಿದ್ದಳು. ಆದರೆ ಪ್ರತಿ ಬೆಳಗ್ಗೆ ಎಲ್ಲರೂ ಅದೇ ಕಾರಿಡಾರಿನಲ್ಲಿ, ಸ್ಟ್ರೆಚರುಗಳ ನಡುವೆಯೇ, ಸ್ವಲ್ಪ ಹೊತ್ತು ನಿಂತು ಮಾತಾಡಬೇಕೆಂದು ಅವರು ಹೇಳಿದ್ದು ಕೆಲಸ ಮಾಡಿತು. ನಿಂತುಕೊಂಡು, ಅದೂ ನರಳುವವರ ಎದುರು, ಯಾರೂ ಉದ್ದುದ್ದ ಮಾತಾಡುವುದಿಲ್ಲ. ಡಿಸ್ಚಾರ್ಜ್ ತಡವಾಗುವುದು ಡಾಕ್ಟರ ಸೋಮಾರಿತನದಿಂದಲ್ಲ, ಅವರ ಸುತ್ತು ಶುರುವಾಗುವುದೇ ತೀರ ಕಾಯಿಲೆಯವರ ಬೆಡ್ಡಿನಿಂದ ಎನ್ನುವುದು ಒಂದು ದಿನ ಹೊರಬಿತ್ತು. ಮನೆಗೆ ಹೋಗುವವರನ್ನು ಮೊದಲು ನೋಡುವುದೆಂದು ಒಬ್ಬ ಡಾಕ್ಟರ್ ಒಪ್ಪಿದರು, ಆಮೇಲೆ ಇನ್ನೊಬ್ಬರು. ಯಾರೂ ಆಜ್ಞೆ ಮಾಡಲಿಲ್ಲ. ಪಕ್ಕದ ವಾರ್ಡು ಬೇಗ ಊಟಕ್ಕೆ ಹೋಗುವುದನ್ನು ನೋಡಿ ಉಳಿದವರಿಗೂ ಆಸೆಯಾಯಿತು.

ಕುರ್ಚಿ ಕೋಣೆಯ ಯೋಚನೆ ಬೆಡ್ಡಮ್ಮನದು. ಮನೆಗೆ ಹೋಗಿ ಎಂದು ಡಾಕ್ಟರ್ ಹೇಳಿದ ಮೇಲೂ ರೋಗಿಗಳು ಗಾಡಿಗಾಗಿ, ಕೆಲಸ ಮುಗಿಸಿ ಬರುವ ಮಗನಿಗಾಗಿ ಬೆಡ್ಡಿನಲ್ಲೇ ಕಾಯುತ್ತಿದ್ದರು. ಮುರಿದ ಗಾಲಿಕುರ್ಚಿಗಳನ್ನು ತುಂಬಿಟ್ಟಿದ್ದ ಕೆಳಗಿನ ಕೋಣೆಯನ್ನು ಖಾಲಿ ಮಾಡಿಸಿ ಅಲ್ಲೇ ಕೂರಿಸಬಾರದೇಕೆ ಎಂದು ಆಕೆ ಕೇಳಿದಳು. ಎಲ್ಲರೂ ಸೇರಿ ಅದಕ್ಕೆ ಕಟ್ಟುಪಾಡು ಹಾಕಿದರು: ನಡೆಯಬಲ್ಲವರು ಮಾತ್ರ ಬರಬೇಕು. ಔಷಧಿ ಕೈಗೆ ಬಂದಿರಬೇಕು. ಆ ಹೊತ್ತಿನ ಮಾತ್ರೆ, ಇಂಜೆಕ್ಷನ್ ವಾರ್ಡಿನಲ್ಲೇ ಮುಗಿದಿರಬೇಕು. ಗೇಟು ದಾಟುವ ತನಕ ರೋಗಿ ವಾರ್ಡಿನ ಜವಾಬ್ದಾರಿಯೇ. ಮೊದಲು ಎಲುಬಿನ ವಾರ್ಡಿನಿಂದ ಮಾತ್ರ ಕಳಿಸಿ ನೋಡಿದರು. ಶುರುವಿನಲ್ಲಿ ಒಬ್ಬ ಅಜ್ಜ ಮಧ್ಯಾಹ್ನವೆಲ್ಲ ಹಸಿದು ಕುಳಿತಿದ್ದ. ಅಡುಗೆಯವರ ಪ್ರಕಾರ ಅವನು ಮನೆಗೆ ಹೋಗಿಯಾಗಿತ್ತು. ಮರುದಿನದಿಂದ ಕೋಣೆಗೂ ಊಟ ಬಂತು. ಹೀಗೆ ಒಂದೊಂದಾಗಿ ತಿದ್ದಿಕೊಂಡರು. ಒಂದು ಬೆಳಗ್ಗೆ ಕಾರಿಡಾರಿನಲ್ಲಿ ಒಂದೂ ಸ್ಟ್ರೆಚರ್ ಇರಲಿಲ್ಲ. ನೆಲ ಒರೆಸುವವಳು ಈ ಗೋಡೆಯಿಂದ ಆ ಗೋಡೆಯವರೆಗೆ ತಡೆಯಿಲ್ಲದೆ ಒರೆಸಿ, ಕೊನೆಯಲ್ಲಿ ನಿಂತು ಸುಮ್ಮನೆ ನೋಡಿದಳು.

ಅಣ್ಣ ಈ ಸುದ್ದಿಯನ್ನು ಅಳತೆ ಕೊಡಲು ಬಂದವರಿಗೆಲ್ಲ ಹೇಳಿದ. ಗಿರಾಕಿಯ ಕುತ್ತಿಗೆಗೆ ಟೇಪು ಸುತ್ತಿ ಹಿಡಿದೇ ಹೇಳುತ್ತಿದ್ದುದರಿಂದ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಸುದ್ದಿ ಇಲಾಖೆಗೂ ಮುಟ್ಟಿತು. ಕಾರುಗಳಲ್ಲಿ ಜನ ಬಂದರು, ಖಾಲಿ ಕಾರಿಡಾರಿನ ಫೋಟೋ ತೆಗೆದರು. ಹಕ್ಕಿ ಡಾಕ್ಟರಿಗೆ ರಾಜಧಾನಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು: ಎಲ್ಲ ಆಸ್ಪತ್ರೆಗಳ ಸುಧಾರಣೆ. ಅವರು ಬೆಡ್ಡಮ್ಮನನ್ನು ಅಲ್ಲಿಗೆ ಕರೆಸಿಕೊಂಡರು. ಉದ್ದನೆಯ ಮೇಜು, ಚಳಿ ಹುಟ್ಟಿಸುವ ಎಸಿ, ಎಲ್ಲರ ಮುಂದೆ ನೀರಿನ ಬಾಟಲಿ. ಎಲ್ಲೆಡೆ ಒಂದೇ ಪದ್ಧತಿ ಬರಬೇಕು, ಬೆಳಗ್ಗೆ ಹತ್ತರೊಳಗೆ ಬೆಡ್ ಖಾಲಿಯಾಗಬೇಕು ಎಂಬುದು ಆಗಲೇ ತೀರ್ಮಾನವಾಗಿತ್ತು. ಒಂದು ಕಡೆ ಹಿಡಿದದ್ದು ಇನ್ನೊಂದು ಕಡೆ ಹಿಡಿಯುತ್ತದೆನ್ನುವ ಖಾತರಿ ಇಲ್ಲವೆಂದು ಅವರೇ ಕಾರಿಡಾರಿನಲ್ಲಿ ಹೇಳುತ್ತಿದ್ದದ್ದನ್ನು ಬೆಡ್ಡಮ್ಮ ನೆನಪಿಸಿದಳು. ಮೊದಲು ಪದ್ಧತಿ ಜಾರಿಗೆ ಬರಲಿ, ಆಮೇಲೆ ತಿದ್ದಿಕೊಳ್ಳೋಣ ಎಂದು ಅವರು ಮೆಲ್ಲಗೆ ಅಂದರು. ಅವರು ಕಪಟಿಯಲ್ಲ, ಹಾಗೆಂದೇ ನಂಬಿದ್ದರು.

ಒಬ್ಬ ಅಧಿಕಾರಿ ಕೇಳಿದ: “ಔಷಧಿ ಕೈಗೆ ಬರೋವರೆಗೂ ಮೇಲೇ ಇರಬೇಕು ಅಂದ್ರೆ ಬೆಡ್ ಬೇಗ ಹೇಗೆ ಖಾಲಿ ಆಗುತ್ತೆ? ಅದು ಬೇಕೇ ಬೇಕಾ?”

ಹಕ್ಕಿ ಡಾಕ್ಟರ್ ಬೆಡ್ಡಮ್ಮನ ಕಡೆ ನೋಡಿದರು. ಅಷ್ಟು ದೊಡ್ಡ ಮೇಜಿನ ಸುತ್ತ ಕುಳಿತವರೆಲ್ಲ ತನ್ನ ಮಾತಿಗೆ ಕಾಯುತ್ತಿದ್ದುದು ಬೆಡ್ಡಮ್ಮನ ಬಾಳಿನಲ್ಲಿ ಅದೇ ಮೊದಲು. ಬೇಕೇ ಬೇಕು ಎಂದರೆ ಹಟಮಾರಿ ಎನಿಸಿಕೊಳ್ಳುತ್ತೇನೆ ಎನಿಸಿತು.

“ಆದಷ್ಟು ಇದ್ರೆ ಒಳ್ಳೇದು,” ಎಂದಳು.

ಆದೇಶ ಹೊರಬಿದ್ದಾಗ ಅದರಲ್ಲಿ ಆ ‘ಆದಷ್ಟು’ ಸಹ ಇರಲಿಲ್ಲ. ‘ನಡೆಯಬಲ್ಲವರು’ ಎಂದಿದ್ದುದು ‘ಕುಳಿತುಕೊಳ್ಳಬಲ್ಲವರು’ ಆಗಿತ್ತು. ವಾರ್ಡಿನ ಜವಾಬ್ದಾರಿಯ ಮಾತು ಬಿಟ್ಟುಹೋಗಿತ್ತು. ಪ್ರತಿ ಆಸ್ಪತ್ರೆಯಲ್ಲೂ ಕುರ್ಚಿ ಕೋಣೆ ಇರತಕ್ಕದ್ದು, ಅಲ್ಲಿಗೆ ಒಬ್ಬ ನರ್ಸ್. ಬೆಡ್ಡಮ್ಮ ಅದನ್ನು ಎರಡು ಸಲ ಓದಿದಳು. ಅದರೊಂದಿಗೇ ಇನ್ನೊಂದು ಕಾಗದವಿತ್ತು: ಊರೂರಿನ ಆಸ್ಪತ್ರೆಗಳಿಗೆ ಹೋಗಿ ಈ ಪದ್ಧತಿ ಕಲಿಸಿಕೊಡುವ ಕೆಲಸ ಆಕೆಗೇ ಬಂದಿತ್ತು. ಅಣ್ಣ ಹೊಸ ಸೂಟ್‌ಕೇಸ್ ತಂದುಕೊಟ್ಟ.

ಆಕೆ ಊರು ಸುತ್ತುತ್ತಿರುವಾಗ ಇಲ್ಲಿ ಒಂದೊಂದೇ ಸಡಿಲವಾಯಿತು. ಬೆಳಗಿನ ನಿಂತ ಮಾತುಕತೆ ಕಡ್ಡಾಯವಾಯಿತು. ಕಡ್ಡಾಯವಾದ ಮೇಲೆ ಹಾಜರಿ ಬಂತು, ಹಾಜರಿ ಬಂದ ಮೇಲೆ ಕುರ್ಚಿ ಬಂತು, ಕುರ್ಚಿಯ ಜೊತೆ ಉದ್ದುದ್ದ ಮಾತೂ ಬಂತು. ಎಲ್ಲ ವಾರ್ಡುಗಳೂ ಹತ್ತರೊಳಗೇ ರೋಗಿಗಳನ್ನು ಕೆಳಗಿಳಿಸತೊಡಗಿದ್ದರಿಂದ, ದಿನವಿಡೀ ಹರಡಿಕೊಂಡಿದ್ದ ಔಷಧಿ ಚೀಟಿಗಳೆಲ್ಲ ಒಂದೇ ಹೊತ್ತಿಗೆ ಕೌಂಟರಿಗೆ ಬಂದು ಬಿದ್ದವು. ಕೌಂಟರಿನವನು ಸಭೆಯಲ್ಲಿ ಹೇಳಿದ, ಮತ್ತೆ ಹೇಳಿದ. ಸಹಕಾರದ ಮನೋಭಾವವಿಲ್ಲ ಎಂದು ಹಕ್ಕಿ ಡಾಕ್ಟರ ಜಾಗಕ್ಕೆ ಬಂದ ಅಧೀಕ್ಷಕರು ಗದರಿಸಿದರು. ಅವನು ಬಾಯಿಗೆ ಬೀಗ ಹಾಕಿಕೊಂಡ. ಬೆಡ್ಡಮ್ಮ ಊರಿಗೆ ಬಂದಿದ್ದಾಗ ಒಮ್ಮೆ ಲಿಫ್ಟಿನ ಹತ್ತಿರ ಸಿಕ್ಕಿ ಇದನ್ನೆಲ್ಲ ಹೇಳಿಕೊಂಡ. ಮುಂದಿನ ಸಲ ಬಂದಾಗ ಕೂತು ನೋಡೋಣ ಎಂದಳು. ಆಕೆಗೆ ಬಸ್ಸಿಗೆ ಹೊತ್ತಾಗಿತ್ತು.

ಹೀಗಿರುವಾಗ ಅಣ್ಣ ಬಟ್ಟೆಯ ಗಂಟು ಹೊತ್ತು ಇಳಿಯುತ್ತ ಮೆಟ್ಟಿಲು ತಪ್ಪಿದ. ತೊಡೆಯ ಎಲುಬು ಮುರಿಯಿತು. ಆಕೆಯ ಹಳೆಯ ವಾರ್ಡಿಗೇ ಸೇರಿಸಿದರು, ಪ್ಲೇಟು ಹಾಕಿದರು, ಆಪರೇಷನ್ ಚೆನ್ನಾಗಿಯೇ ಆಯಿತು. ಅಕ್ಕಪಕ್ಕದ ಬೆಡ್ಡಿನವರ ಅಂಗಿಯ ಹೊಲಿಗೆ ಎಷ್ಟು ಕೆಟ್ಟದಾಗಿದೆ ಎಂದು ಹೇಳುತ್ತ ಅವನು ಗೆಲುವಾಗಿಯೇ ಇದ್ದ. ಬೆಡ್ಡಮ್ಮ ಬಂದು ನೋಡಿ, ಮತ್ತೆ ಹೊರಡುವ ಮುನ್ನ ವಾರ್ಡಿನ ಹಿರಿಯ ನರ್ಸಿಗೆ ಎಲ್ಲರೆದುರು ಹೇಳಿದಳು: “ನಮ್ಮಣ್ಣ ಅಂತ ಏನೂ ಬೇರೆ ಮಾಡ್ಬೇಡಿ. ಎಲ್ರಿಗೂ ಹೇಗೋ ಹಾಗೇ. ನಾಳೆ ನಾಲ್ಕು ಜನ ಆಡ್ಕೋಬಾರದು.”

ಅತ್ತಿಗೆಯ ಮುಖ ಸಣ್ಣಗಾಯಿತು. ಅಣ್ಣನಿಗೆ ಮಾತ್ರ ಅದು ಹೆಮ್ಮೆಯೇ. “ನಮ್ಮ ಪುಟ್ಟಿ ಹಾಗೇ,” ಎಂದ.

ಡಿಸ್ಚಾರ್ಜಿನ ದಿನ ಎಲ್ಲರಿಗೂ ಹೇಗೋ ಹಾಗೇ ಆಯಿತು. ಹತ್ತಕ್ಕೆ ಮೊದಲೇ ಗಾಲಿಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ರಕ್ತ ಹೆಪ್ಪುಗಟ್ಟದಂತೆ ಅವನಿಗೆ ದಿನಾ ಬೆಳಗ್ಗೆ ಒಂದು ಇಂಜೆಕ್ಷನ್ ಕೊಡುತ್ತಿದ್ದರು. ಹೊರಟಾಯಿತಲ್ಲ, ಇನ್ನು ಮನೆಯ ಔಷಧಿಯ ಜೊತೆ ಅದೂ ಶುರುವಾಗುತ್ತದೆ ಎಂದು ವಾರ್ಡಿನವರು ಕೊಡಲಿಲ್ಲ. ಮೇಲೆ ಕೊಟ್ಟೇ ಕಳಿಸಿರುತ್ತಾರೆ ಎಂದು ಕುರ್ಚಿ ಕೋಣೆಯ ನರ್ಸ್ ಕೇಳಲಿಲ್ಲ. ಅವಳು ಗುತ್ತಿಗೆಯ ಮೇಲೆ ಬಂದ ಹೊಸ ಹುಡುಗಿ. ಚಿಕ್ಕ ಸಿಸ್ಟರ್ ಎಂದು ಕರೆಯುತ್ತಿದ್ದರು. ಅತ್ತಿಗೆ ಚೀಟಿ ಹಿಡಿದು ಔಷಧಿ ಕೌಂಟರಿಗೆ ಹೋದಳು. ಸಾಲು ಕೌಂಟರಿನಿಂದ ಹೊರಟು, ಕಟ್ಟಡದ ಮೂಲೆ ತಿರುಗಿ, ಬಿಸಿಲಿಗೆ ಬಂದಿತ್ತು.

ಕೋಣೆ ತುಂಬಿತ್ತು. ಅಣ್ಣ ಪಕ್ಕದವನಿಗೆ ಏನೋ ಹೇಳುತ್ತಿದ್ದವನು ನಡುವೆ ನಿಲ್ಲಿಸಿ, ಎದೆ ಹಿಡಿದಂತಾಗುತ್ತಿದೆ ಎಂದನಂತೆ. ಪಕ್ಕದವನು ನರ್ಸಿಗಾಗಿ ಸುತ್ತ ನೋಡಿದ. ಚಿಕ್ಕ ಸಿಸ್ಟರ್ ಆಪರೇಷನ್ನಿನ ಹೊಲಿಗೆ ಬಿಚ್ಚಿಹೋಗಿದ್ದ ಹೆಂಗಸೊಬ್ಬಳನ್ನು ಹಿಡಿದುಕೊಂಡು ಬಾತ್‌ರೂಮಿನಲ್ಲಿದ್ದಳು. ಅವಳು ಬರುವಷ್ಟರಲ್ಲಿ ಅಣ್ಣ ಕಣ್ಣು ಮುಚ್ಚಿ ತಲೆ ಒಂದು ಕಡೆ ವಾಲಿಸಿದ್ದ. ನಿದ್ದೆ ಹತ್ತಿತೆಂದು ಪಕ್ಕದವನು ಸುಮ್ಮನಾಗಿದ್ದ. ಕೊನೆಗೆ ಅತ್ತಿಗೆಯೇ ಬಂದಳು. ಬೆವರು ಒರೆಸಿಕೊಳ್ಳುತ್ತ, ಸಾಲಿನಲ್ಲಿ ಯಾರೋ ಮುಂದೆ ನುಗ್ಗಿದ್ದನ್ನು ಬೈಯುತ್ತ ಬಂದು, ಔಷಧಿಯ ಚೀಲವನ್ನು ಅವನ ಮಡಿಲಲ್ಲಿಟ್ಟಳು. ಚೀಲ ಜಾರಿ ಕೆಳಗೆ ಬಿತ್ತು. ಅದರೊಳಗೆ ಆ ಇಂಜೆಕ್ಷನ್ ಇತ್ತು.

ಆ ಹೊತ್ತಿನಲ್ಲಿ ಬೆಡ್ಡಮ್ಮ ಇನ್ನೊಂದು ಊರಿನ ಸಭಾಂಗಣದಲ್ಲಿ ಕುರ್ಚಿ ಕೋಣೆಯ ಅನುಕೂಲಗಳನ್ನು ವಿವರಿಸುತ್ತಿದ್ದಳು. ಫೋನನ್ನು ಆರಿಸಿ ಚೀಲದಲ್ಲಿಟ್ಟಿದ್ದಳು. ಊಟಕ್ಕೆ ಎದ್ದಾಗ ತೆರೆದು ನೋಡಿದಳು.

ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು ಎಂದರು. ಒಂದು ಡೋಸ್ ತಪ್ಪಿದ್ದಕ್ಕೇ ಹೀಗಾಯಿತೆಂದು ಹೇಳಲಾಗದು, ಬೆಡ್ಡಿನಲ್ಲಿದ್ದರೂ ಆಗಬಹುದಿತ್ತು ಎಂದು ಎಲುಬಿನ ಡಾಕ್ಟರ್ ಹೇಳಿದರು. ಅದು ನಿಜವೂ ಇರಬಹುದು. ಬೆಡ್ಡಿನಲ್ಲಿದ್ದಿದ್ದರೆ ಕೈಗೆಟಕುವಷ್ಟರಲ್ಲಿ ಆಮ್ಲಜನಕವೂ ಡಾಕ್ಟರೂ ಇರುತ್ತಿದ್ದರೆನ್ನುವುದನ್ನು ಅವರು ಹೇಳಲಿಲ್ಲ, ಬೆಡ್ಡಮ್ಮನಿಗೆ ಹೇಳಬೇಕಾಗಿಯೂ ಇರಲಿಲ್ಲ. ಅತ್ತಿಗೆ ಅತ್ತು ಸುಸ್ತಾಗಿ ಗೋಡೆಗೆ ಒರಗಿದ್ದಳು. ಬೆಡ್ಡಮ್ಮ ಹತ್ತಿರ ಹೋದಾಗ ಸೆರಗನ್ನು ತನ್ನ ಕಡೆಗೆಳೆದುಕೊಂಡು ಸರಿದು ಕುಳಿತಳು. ಅಂದಿನಿಂದ ಮಾತು ನಿಂತಿತು. ಮಹಡಿಗೆ ಹೋಗುವ ಮೆಟ್ಟಿಲು ಅಂಗಡಿಯ ಪಕ್ಕದಿಂದಲೇ. ಹೋಗುವಾಗ ಬರುವಾಗ ಹೊಲಿಗೆ ಯಂತ್ರದ ಮೇಲೆ ಮುಚ್ಚಿದ ಬಟ್ಟೆ ಕಾಣುತ್ತಿತ್ತು. ಸ್ವಲ್ಪ ದಿನ ತಡೆದುಕೊಂಡು, ಆಮೇಲೆ ಆಕೆ ನರ್ಸುಗಳ ಕ್ವಾರ್ಟರ್ಸಿಗೆ ಹೋದಳು.

ವಿಚಾರಣೆ ನಡೆಯಿತು. ಇಲಾಖೆಯಿಂದ ಒಬ್ಬ ಹಿರಿಯ ಅಧಿಕಾರಿ ಬಂದರು, ಮೃದುವಾಗಿ ಮಾತಾಡುವ ಮನುಷ್ಯ. ಹಕ್ಕಿ ಡಾಕ್ಟರೂ ಬಂದರು. ಅವರ ಹಳೆಯ ಬಟ್ಟೆಯ ಚೀಲ ಹೋಗಿ ಚರ್ಮದ್ದು ಬಂದಿತ್ತು. ಅವರು ಹೇಳಿದ್ದು ಹೀಗೆ: ಜಟಿಲ ವ್ಯವಸ್ಥೆಯಲ್ಲಿ ಇಂಥ ಘಟನೆಗೆ ಒಂದೇ ಕಾರಣ ಇರುವುದಿಲ್ಲ. ನೂರು ಸಣ್ಣ ಸಂಗತಿಗಳು ಒಂದು ಹೊತ್ತಿಗೆ ಕೂಡಿಕೊಂಡಾಗ ಹೀಗಾಗುತ್ತದೆ. ಕುರ್ಚಿ ಕೋಣೆ ಸಹ ಯಾರೋ ಒಬ್ಬರ ತೀರ್ಮಾನವಲ್ಲ, ಎಲ್ಲರ ನಡುವಿನಿಂದ ತಾನಾಗಿ ಮೂಡಿಬಂದದ್ದು.

ಅದೇ ಮಾತನ್ನು ಅವರು ಹಿಂದೆ ಕಾರಿಡಾರಿನಲ್ಲಿ ಹೇಳಿದ್ದರು. ಆಗ ಅದನ್ನು ಕೇಳಿ ಲ್ಯಾಬಿನವರು, ಲಿಫ್ಟಿನವನು, ವಾರ್ಡಿನವರು ಒಬ್ಬರನ್ನೊಬ್ಬರು ಬೈಯುವುದನ್ನು ಬಿಟ್ಟಿದ್ದರು. ಎಷ್ಟೋ ವರ್ಷದ ಭಾರ ಇಳಿದಂತಾಗಿತ್ತು. ಈಗ ಅದೇ ಮಾತಿನಿಂದ ಮೇಜಿನ ಆ ಕಡೆ ಕುಳಿತವರ ಭಾರ ಮಾತ್ರ ಇಳಿಯಿತು. ಬಾಗಿಲ ಹೊರಗೆ ಬೆಂಚಿನ ಮೇಲೆ ಚಿಕ್ಕ ಸಿಸ್ಟರ್ ತನ್ನ ಸರದಿಗಾಗಿ ಕಾಯುತ್ತಿದ್ದಳು. ಅವರು ಹೇಳಿದ ನೂರು ಸಂಗತಿಗಳಲ್ಲಿ ಅವಳ ಪಾಲಿಗೆ ಒಂದೇ ಒಂದು ಉಳಿದಿತ್ತು: ಆ ಹೊತ್ತಿನಲ್ಲಿ ಅವಳು ಕೋಣೆಯಲ್ಲಿ ಇರಲಿಲ್ಲ.

ಬೆಡ್ಡಮ್ಮ ಎದ್ದು ನಿಂತಳು. “ತಾನಾಗಿ ಮೂಡಿದ್ದಲ್ಲ ಸಾರ್. ಕೋಣೆ ನನ್ನದು. ಔಷಧಿ ಕೈಗೆ ಬರೋವರೆಗೆ ಕಳಿಸಬಾರದು ಅನ್ನೋದನ್ನ ಬಿಟ್ಟುಕೊಟ್ಟವಳೂ ನಾನೇ. ರಾಜಧಾನಿಯ ಆ ಮೇಜಿನ ಮುಂದೆ ಈ ಡಾಕ್ಟರೂ ಕೂತಿದ್ರು, ಸುಮ್ಮನಿದ್ರು. ಆದೇಶಕ್ಕೆ ಸಹಿ ಇವರದೇ. ಆ ಹುಡುಗಿ ಒಬ್ಬಳೇ ಆ ಕೋಣೆನ ನೋಡ್ಕೊಳ್ಳೋಕೆ ಆಗಲ್ಲ ಅಂತ ಇಲ್ಲಿರೋ ಎಲ್ರಿಗೂ ಗೊತ್ತಿತ್ತು.”

ಯಾರೂ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಹಿರಿಯ ಅಧಿಕಾರಿ ನೀರಿನ ಲೋಟವನ್ನು ಆಕೆಯ ಕಡೆ ಸರಿಸಿ, “ಒಡಹುಟ್ಟಿದವರನ್ನ ಕಳ್ಕೊಂಡಿದ್ದೀರಿ. ನಿಮ್ಮ ಮನಸ್ಥಿತಿ ನಮಗೆ ಅರ್ಥ ಆಗುತ್ತಮ್ಮ,” ಎಂದರು. ಆಕೆಯ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಹೊರಗೆ ಬಂದಾಗ ಹಕ್ಕಿ ಡಾಕ್ಟರ್ ಆಕೆಯ ಹತ್ತಿರ ನಿಂತು, ಈ ಪದ್ಧತಿಯಿಂದ ಎಷ್ಟು ಜನ ಬದುಕಿದ್ದಾರೆನ್ನುವುದನ್ನೂ ನೋಡಬೇಕು ಎಂದರು. ಅದೂ ಸುಳ್ಳಲ್ಲ. ಕಾರಿಡಾರಿನಲ್ಲಿ ಸಾಯಬಹುದಾಗಿದ್ದವರು ಬೆಡ್ ಸಿಕ್ಕಿ ಬದುಕಿದ್ದರು. ಆದರೆ ಬದುಕಿದವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ, ಸತ್ತವನು ಯಾರೆಂದು ಗೊತ್ತಿತ್ತು.

ಚಿಕ್ಕ ಸಿಸ್ಟರಿನ ಗುತ್ತಿಗೆ ರದ್ದಾಯಿತು. ಎಲ್ಲ ಊರಿನ ಕುರ್ಚಿ ಕೋಣೆಗಳಲ್ಲೂ ಕುರ್ಚಿಗೊಂದು ಕರೆಗಂಟೆ ಹಾಕಿಸಬೇಕೆಂದು ಹೊಸ ಆದೇಶ ಬಂತು. ಗಂಟೆ ಬಾರಿಸಿದರೆ ಬರುವವರು ಯಾರೆಂದು ಅದರಲ್ಲಿ ಇರಲಿಲ್ಲ. ಔಷಧಿ ಕೌಂಟರಿನ ಸಾಲಿನ ಬಗ್ಗೆ ಒಂದು ಅಕ್ಷರವಿಲ್ಲ. ಬೆಡ್ಡಮ್ಮ ತಿರುಗಾಟದ ಕೆಲಸ ಬಿಟ್ಟು ವಾರ್ಡಿಗೆ ನರ್ಸ್ ಆಗಿ ಮರಳುತ್ತೇನೆಂದು ಬರೆದುಕೊಟ್ಟಳು. ತಿರುಗಾಟ ತಪ್ಪಿತು, ವಾರ್ಡು ಸಿಗಲಿಲ್ಲ. ಬೆಡ್ ಹಂಚುವ ಕುರ್ಚಿಗೆ ಬೇರೆ ಜನ ಇಲ್ಲವೆಂದು ಅಲ್ಲೇ ಕೂರಿಸಿದರು. ತನ್ನ ಕೈಲಾದಷ್ಟು ಮಾಡೋಣವೆಂದು ಹಳೆಯ ಕಟ್ಟುಪಾಡುಗಳನ್ನು ಮತ್ತೆ ಜಾರಿಗೆ ತರಲು ನೋಡಿದಳು. ಮೂರು ವಾರ್ಡು ಒಪ್ಪಿದವು. ಹತ್ತರೊಳಗೆ ಬೆಡ್ ಖಾಲಿಯಾಗದ ವಾರ್ಡುಗಳೆಂದು ಮೇಲಿನಿಂದ ಅವಕ್ಕೆ ನೋಟಿಸು ಬಂತು. ಒಪ್ಪಿದವರು ಹಿಂದೆ ಸರಿದರು. ಆಕೆ ಅವರನ್ನು ದೂರಲಿಲ್ಲ.

ಚಿಕ್ಕ ಸಿಸ್ಟರನ್ನು ನೋಡಲು ಹೋಗಬೇಕೆಂದು ಬಹಳ ದಿನ ಅಂದುಕೊಂಡು, ಕೊನೆಗೊಂದು ರಜೆಯ ದಿನ ಹೋದಳು. ಅವಳು ಈಗ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಾಜಿನ ಕಪಾಟುಗಳ ನಡುವೆ ನಿಂತು ಒಂದೊಂದೇ ಫ್ರೇಮು ಒರೆಸಿಡುತ್ತಿದ್ದಳು. ಗುರುತು ಹಿಡಿದು ಸ್ಟೂಲು ಕೊಟ್ಟಳು. ಬೆಡ್ಡಮ್ಮ ಕ್ಷಮೆ ಕೇಳಿದಳು. ವಿಚಾರಣೆಯಲ್ಲಿ ತಾನು ಹೇಳಿದ್ದನ್ನೆಲ್ಲ ಹೇಳಿದಳು. ಹುಡುಗಿ ಕೊನೆಯವರೆಗೂ ಕೇಳಿಸಿಕೊಂಡಳು.

“ಅಕ್ಕಾ, ನೀವು ಒಳಗೆ ಹೇಳಿದ್ದು ಹೊರಗೆ ಬೆಂಚಿನವರೆಗೂ ಕೇಳಿಸ್ತಿತ್ತು,” ಎಂದಳು. “ಹೇಳಾದ ಮೇಲೆ ಹೊರಗೆ ಬಂದ್ರಿ. ನನ್ನ ಮುಂದೇನೇ ಹೋದ್ರಿ. ಆಗ ಒಂದು ನಿಮಿಷ ನನ್ನ ಪಕ್ಕ ಕೂತಿದ್ರೆ ಸಾಕಿತ್ತು.”

ಗಿರಾಕಿಯೊಬ್ಬರು ಬಂದರು. ಹುಡುಗಿ ಅವರಿಗೆ ಕನ್ನಡಿ ಹಿಡಿಯಲು ಹೋದಳು. ಬೆಡ್ಡಮ್ಮ ಎದ್ದು, ಸ್ಟೂಲನ್ನು ಗೋಡೆಯ ಬದಿಗೆ ಸರಿಸಿಟ್ಟು ಹೊರಟುಬಂದಳು.

ಮುಂದಿನ ವರ್ಷ ಒಂದು ಬೆಳಗ್ಗೆ ಅಣ್ಣನ ಮಗಳ ಫೋನ್ ಬಂತು. ಅವಳು ಆಗಾಗ, ಅಮ್ಮನಿಗೆ ತಿಳಿಯದಂತೆ ಎರಡು ಮಾತಾಡುತ್ತಿದ್ದಳು. ಈ ಸಲ ಅಮ್ಮನೇ ಮಾಡಿಸಿದ್ದು. ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು, ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಾಳೆ, ಆಪರೇಷನ್ ಆಗಬೇಕಂತೆ. “ಅತ್ತೆ, ಒಂದು ಬೆಡ್ ಬೇಕಂತೆ,” ಎಂದಳು ಹುಡುಗಿ. ಪಕ್ಕದಲ್ಲಿದ್ದವರು ಹೇಳಿದ್ದನ್ನು ಕೇಳಿಕೊಂಡು, “ಆ ಕೋಣೆಗೆ ಮಾತ್ರ ಕಳಿಸಬಾರದಂತೆ,” ಎಂದಳು.

ಬೆಡ್ ಸಿಕ್ಕಿತು. ಕಿಟಕಿಯ ಪಕ್ಕದ್ದು. ಆಪರೇಷನ್ ಆಗಿ ಮನೆಗೆ ಹೋಗುವ ದಿನ ಬೆಡ್ಡಮ್ಮ ತಾನೇ ವಾರ್ಡಿಗೆ ಬಂದು ಬೆಡ್ಡಿನ ಕಾಲ ಬಳಿ ನಿಂತಳು. ಹತ್ತು ದಾಟಿತು. ಅಣ್ಣನ ಮಗಳು ಔಷಧಿಯ ಸಾಲಿನಲ್ಲಿದ್ದಳು. ಕೆಳಗಿನಿಂದ ಎರಡು ಸಲ ಫೋನ್ ಬಂತು: ಕಾರಿಡಾರಿನಲ್ಲಿ ಒಬ್ಬರಿಗೆ ಹೊಟ್ಟೆ ಬಿರಿಯುವ ನೋವು, ಬೆಡ್ ಯಾವಾಗ? ಆಗುತ್ತೆ, ಇನ್ನೊಂದು ಸ್ವಲ್ಪ ಹೊತ್ತು ಎಂದು ಆಕೆಯೇ ಹೇಳಿದಳು. ವಾರ್ಡಿನ ನರ್ಸ್ ಪಕ್ಕದ ಬೆಡ್ಡಿನ ಹೊದಿಕೆ ಮಡಚುತ್ತ ಎಲ್ಲ ಕೇಳಿಸಿಕೊಂಡಳು, ಮುಖ ಎತ್ತಲಿಲ್ಲ. ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತ ಮಲಗಿದ್ದಳು. ಔಷಧಿ ಬಂತು, ಬೆಳಗಿನ ಡೋಸನ್ನು ಬೆಡ್ಡಮ್ಮ ತನ್ನ ಕೈಯಾರೆ ಕೊಟ್ಟಳು, ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಗೇಟಿನವರೆಗೆ ಹೋದಳು.

ಆಟೋ ಹತ್ತಿ ಕುಳಿತ ಮೇಲೆ ಅತ್ತಿಗೆ ಮೊದಲ ಬಾರಿ ಮುಖ ನೋಡಿ ಮಾತಾಡಿದಳು.

“ನಿಮ್ಮಣ್ಣನಿಗೂ ಹೀಗೆ ಮಾಡಬಹುದಿತ್ತು,” ಎಂದಳು. ಬೈಗುಳದ ದನಿಯಿರಲಿಲ್ಲ. ಈಗಷ್ಟೇ ಗೊತ್ತಾದದ್ದನ್ನು ಹೇಳುವಂತಿತ್ತು.

ಬೆಡ್ಡಮ್ಮ ಅವಳ ಸೀರೆಯ ತುದಿಯನ್ನು ಚಕ್ರಕ್ಕೆ ಸಿಕ್ಕದಂತೆ ಒಳಗೆ ಸರಿಸಿದಳು. ಆಟೋ ಹೊರಟಿತು. ಆಕೆ ಅಲ್ಲೇ ನಿಂತು ಎಮರ್ಜೆನ್ಸಿಗೆ ಫೋನ್ ಮಾಡಿ, ಬೆಡ್ ಆಗಿದೆ, ಕಳಿಸಿ ಎಂದಳು. ಆ ಕಡೆಯವರು ಇನ್ನು ಬೇಕಾಗಿಲ್ಲ ಎಂದರು. ರೋಗಿಯ ಒದ್ದಾಟ ನೋಡಲಾರದೆ ಮನೆಯವರು ಅವರನ್ನು ಬೇರೆ ಕಡೆಗೆ ಕರೆದುಕೊಂಡು ಹೋಗಿದ್ದರು. ಎಲ್ಲಿಗೆಂದು ಅವರಿಗೆ ಗೊತ್ತಿರಲಿಲ್ಲ. ಆಕೆ ಖಾಲಿ ಗಾಲಿಕುರ್ಚಿಯನ್ನು ತಿರುಗಿಸಿಕೊಂಡು ಒಳಗೆ ಹೋದಳು.